ಒಟ್ಟಿದವರು ಯಾರು?

ವಾರ್ಷಿಕ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ಇಂಗ್ಲಿಷಿನ ಒಂದೇ ಒಂದು ಕ್ರಿಯಾಪದವನ್ನು ಕುರಿತು ಬರೆಯುತ್ತೇನೆಂದು ಹೇಳಿದೆ. ಅವರು ನಕ್ಕರು. ಬರೆಯುವುದಕ್ಕೆ ಬೇಕಾದಷ್ಟು ವಿಷಯಗಳಿರುವಾಗ, ಅದೂ ಸಂಚಿಕೆಯ ಕನ್ನಡ ವಿಭಾಗದಲ್ಲಿ, ಪರಭಾಷೆಯ ಒಂದು ಪದಕ್ಕೆ ನಾಲ್ಕು ಪುಟಗಳೇ ಎಂದು ಅವರಿಗೆ ತೋರಿದ್ದು ಸಹಜವಾದುದು. ಓದುಗರಲ್ಲಿಯೂ ಹಲವರಿಗೆ ಹಾಗೆಯೇ ತೋರಬಹುದು. ಕೊನೆಯವರೆಗೆ ಓದಿ ಅನಂತರ ತೀರ್ಪು ಕೊಡಬೇಕೆಂದು ಮಾತ್ರ ನನ್ನ ಬಿನ್ನಹ.

ಆ ಪದ ‘ಅಕ್ಯುಮುಲೇಟ್’. ಶೇಖರವಾಗು, ಶೇಖರಿಸು, ಒಟ್ಟು, ಒಟ್ಟಿಕೊಳ್ಳು ಎಂದು ಅದರ ಅರ್ಥವನ್ನು ಸ್ಥೂಲವಾಗಿ ಹೇಳಬಹುದು. ಉತ್ತರಪತ್ರಿಕೆಗಳಲ್ಲಿಯೂ ಅರ್ಜಿಗಳಲ್ಲಿಯೂ ನಾವು ಇದನ್ನು ಧಾರಾಳವಾಗಿ ಬಳಸುತ್ತೇವೆ. ಬಳಸುವಾಗ ಹಲವು ಸಲ ಎಡವುತ್ತೇವೆ. ಎಡವಿದರೆ ಒಂದು ಅಂಕ ಹೋದೀತು, ಹೆಚ್ಚೇನೂ ಇಲ್ಲ ಎಂದು ನಾನೂ ತಿಳಿದಿದ್ದೆ. ಅಷ್ಟು ಮಾತ್ರವಲ್ಲವೆಂದು ನನಗೆ ಕಲಿಸಿದುದು ಒಂದು ಕಾಗದ.

೨೦೨೩ರಲ್ಲಿ ನಮ್ಮ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುದು ಎಲ್ಲರಿಗೂ ನೆನಪಿರಬೇಕು. ನಮ್ಮ ತಂದೆಯವರದು ಮಳೆಯನ್ನೇ ನಂಬಿದ ನಾಲ್ಕು ಎಕರೆ ಭೂಮಿ. ಆ ವರ್ಷ ಬಿತ್ತಿದ ಜೋಳ ಮೊಣಕಾಲೆತ್ತರಕ್ಕೆ ಬಂದು ಒಣಗಿತು. ಅದಕ್ಕೆ ಹಿಂದೆಯೇ ಕುಂಟುತ್ತಿದ್ದ ಸಾಲದ ಕಂತು ಆಗ ಪೂರ್ತಿ ನಿಂತಿತು. ಬಡ್ಡಿ ಮಾತ್ರ ನಿಲ್ಲಲಿಲ್ಲ. ಸಾಲ ಕೊಟ್ಟ ಸಂಸ್ಥೆಯ ಮುಖ್ಯ ಕಚೇರಿ ಹೊರರಾಜ್ಯದಲ್ಲಿದ್ದುದರಿಂದ ಮನವಿಯನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕಾಯಿತು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಎರಡು ರಾತ್ರಿ ಕುಳಿತು ಬರೆದೆ. ‘ಮೂರು ವರ್ಷಗಳಿಂದ ಬಾಕಿ ಬೆಳೆದುಕೊಂಡು ಬಂದಿದೆ’ ಎಂಬುದು ನನ್ನ ಮನಸ್ಸಿನಲ್ಲಿದ್ದ ವಾಕ್ಯ. ಕಾಗದದ ಮೇಲೆ ಇಳಿದದ್ದು, ‘ಮೈ ಫಾದರ್ ಹ್ಯಾಸ್ ಅಕ್ಯುಮುಲೇಟೆಡ್ ದಿ ಅರಿಯರ್ಸ್’ ಎಂದು. ದೊಡ್ಡ ಪದವೊಂದನ್ನು ಅಕ್ಷರ ತಪ್ಪದೆ ಬರೆದೆನೆಂದು ನನಗೆ ಹೆಮ್ಮೆಯೇ ಆಯಿತು.

ತಿಂಗಳೊಂದರ ಮೇಲೆ ಉತ್ತರ ಬಂತು. ಸಾಲಗಾರರು ಬಾಕಿಯನ್ನು ಬೆಳೆಸಿಕೊಂಡು ಬಂದಿರುವುದಾಗಿ ನಿಮ್ಮ ಪತ್ರವೇ ಒಪ್ಪಿಕೊಳ್ಳುತ್ತದೆ; ಆದಕಾರಣ ಕೋರಿಕೆಯನ್ನು ಮನ್ನಿಸಲು ಕಾರಣ ಕಾಣುವುದಿಲ್ಲ ಎಂಬುದು ಅದರ ಸಾರಾಂಶ. ‘ನೀನು ಏನು ಬರೆದಿದ್ದೆ?’ ಎಂದು ತಂದೆಯವರು ಕೇಳಿದರು. ನನ್ನ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ: ‘ನಮ್ಮ ತಂದೆಯವರು ಬಾಕಿಯನ್ನು ಕೂಡಿಹಾಕಿದ್ದಾರೆ.’ ಅವರು ಕೋಪಿಸಿಕೊಳ್ಳಲಿಲ್ಲ. ‘ಕೂಡಿಹಾಕುವ ಹಾಗಿದ್ದರೆ ದುಡ್ಡು ಕೂಡಿಹಾಕುತ್ತಿದ್ದೆನಲ್ಲ; ಬಾಕಿ ಯಾಕಪ್ಪ ಕೂಡಿಹಾಕಲಿ?’ ಎಂದಷ್ಟೇ ಹೇಳಿ ಎದ್ದು ಹೋದರು. ಆ ಮಾತು ನನ್ನನ್ನು ಕುಟುಕಿದಷ್ಟು ಯಾವ ಪರೀಕ್ಷೆಯ ಫಲಿತಾಂಶವೂ ಕುಟುಕಿಲ್ಲ.

ಮರುದಿನ ಕಾಗದದ ಪ್ರತಿಯನ್ನು ನಮ್ಮ ಇಂಗ್ಲಿಷ್ ಅಧ್ಯಾಪಕರೊಬ್ಬರಿಗೆ ತೋರಿಸಿದೆ. ಅವರು ಎರಡು ಬಾರಿ ಓದಿದರು. ಎಲ್ಲಿಯೂ ಕೆಂಪು ಗೆರೆ ಎಳೆಯಲಿಲ್ಲ. ‘ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇದನ್ನು ಒಟ್ಟಿದವರು ಯಾರು?’ ಎಂದು ಕೇಳಿದರು. ಈ ಲೇಖನವೆಲ್ಲ ಆ ಒಂದು ಪ್ರಶ್ನೆಯ ವಿಸ್ತಾರವೆಂದು ತಿಳಿಯಬೇಕು.

ನಾವು ಏಕೆ ಎಡವುತ್ತೇವೆಂಬುದನ್ನು ಮೊದಲು ನೋಡೋಣ. ಕನ್ನಡದಲ್ಲಿ ತಾನಾಗಿ ಆಗುವುದಕ್ಕೂ ಒಬ್ಬನು ಆಗಿಸುವುದಕ್ಕೂ ಬೇರೆ ಬೇರೆ ರೂಪಗಳಿವೆ. ಜನ ಸೇರುತ್ತಾರೆ, ನಾಯಕ ಜನರನ್ನು ಸೇರಿಸುತ್ತಾನೆ. ಬಾಕಿ ಬೆಳೆಯುತ್ತದೆ, ಒಬ್ಬನು ಬಾಕಿಯನ್ನು ಬೆಳೆಸುತ್ತಾನೆ. ನೀರು ಶೇಖರವಾಗುತ್ತದೆ, ನಾವು ನೀರನ್ನು ಶೇಖರಿಸುತ್ತೇವೆ. ಮೊದಲನೆಯದು ಅಕರ್ಮಕ, ಎರಡನೆಯದು ಸಕರ್ಮಕ. ‘ಬೆಳೆಯಿತು’ ಎಂಬುದಕ್ಕೂ ‘ಬೆಳೆಸಿದ’ ಎಂಬುದಕ್ಕೂ ನಡುವೆ ಇರುವುದು ಒಂದು ಸಕಾರ. ಆ ಸಕಾರದಲ್ಲಿ ಹೊಣೆ ಅಡಗಿದೆ. ಓದು ಬಾರದವರೂ ಈ ಭೇದದಲ್ಲಿ ತಪ್ಪುವುದಿಲ್ಲ.

ಇಂಗ್ಲಿಷಿನ ‘ಅಕ್ಯುಮುಲೇಟ್’ ಎಂಬುದು ಈ ಎರಡು ಕೆಲಸಗಳನ್ನೂ ಒಂದೇ ಉಡುಪಿನಲ್ಲಿ ಮಾಡುತ್ತದೆ. ‘ಡಸ್ಟ್ ಅಕ್ಯುಮುಲೇಟ್ಸ್’ ಎಂದರೆ ಧೂಳು ತಾನಾಗಿ ಕೂಡುತ್ತದೆ. ‘ಹೀ ಅಕ್ಯುಮುಲೇಟ್ಸ್ ಬುಕ್ಸ್’ ಎಂದರೆ ಅವನು ಪುಸ್ತಕಗಳನ್ನು ಕೂಡಿಹಾಕುತ್ತಾನೆ. ಕ್ರಿಯಾಪದದ ರೂಪ ಬದಲಾಗಿಲ್ಲ. ಕರ್ತೃಸ್ಥಾನದಲ್ಲಿ ಯಾರನ್ನು ಕೂರಿಸಿದ್ದೇವೆ ಎಂಬುದೊಂದೇ ಅರ್ಥವನ್ನು ನಿರ್ಣಯಿಸುತ್ತದೆ. ಕನ್ನಡದಲ್ಲಿ ಪ್ರತ್ಯಯವು ಹೊರುತ್ತಿದ್ದ ಭಾರವನ್ನು ಇಂಗ್ಲಿಷಿನಲ್ಲಿ ಕರ್ತೃಪದವೇ ಹೊರಬೇಕು. ಇದನ್ನು ಗಮನಿಸದೆ ನಾನು ತಂದೆಯವರನ್ನು ಕರ್ತೃಸ್ಥಾನದಲ್ಲಿ ಕೂರಿಸಿದೆ, ಕೂರಬೇಕಾಗಿದ್ದುದು ಬಾಕಿ. ‘ದಿ ಅರಿಯರ್ಸ್ ಹ್ಯಾವ್ ಅಕ್ಯುಮುಲೇಟೆಡ್’ ಎಂದಿದ್ದರೆ ನನ್ನ ಮನಸ್ಸಿನ ಮಾತು ಹಾಗೆಯೇ ಬರುತ್ತಿತ್ತು.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ನಮ್ಮಲ್ಲಿ ಬಳಕೆಯಲ್ಲಿದೆ. ‘ಧೂಳು ಶೇಖರವಾಗಿದೆ’ ಎಂಬುದನ್ನು ‘ಡಸ್ಟ್ ಈಸ್ ಅಕ್ಯುಮುಲೇಟೆಡ್’ ಎಂದು ಬರೆಯುವುದು. ‘ಆಗಿದೆ’ ಎಂಬಲ್ಲಿ ‘ಇದೆ’ ಕಂಡೊಡನೆ ನಮ್ಮ ಲೇಖನಿ ತಾನಾಗಿ ‘ಈಸ್’ ಎಂದು ಬರೆದುಬಿಡುತ್ತದೆ. ‘ಅವನು ಬಂದಿದ್ದಾನೆ’ ಎಂಬುದನ್ನು ‘ಹ್ಯಾಸ್ ಕಮ್’ ಎಂದು ಸರಿಯಾಗಿ ಬರೆಯುವ ನಾವು ಇಲ್ಲಿ ಮಾತ್ರ ಜಾರುತ್ತೇವೆ. ಹಾಗೆ ಬರೆದಾಗ ವಾಕ್ಯವು ಕರ್ಮಣಿಪ್ರಯೋಗದಂತೆ ಕಾಣುತ್ತದೆ. ಧೂಳನ್ನು ಯಾರೋ ತಂದು ಸುರಿದಿದ್ದಾರೆಂಬ ಧ್ವನಿ ಹೊರಡುತ್ತದೆ. ಬರೆಯಬೇಕಾದುದು ‘ಡಸ್ಟ್ ಹ್ಯಾಸ್ ಅಕ್ಯುಮುಲೇಟೆಡ್’ ಎಂದು. ತುಂಗಭದ್ರಾ ಜಲಾಶಯದ ಉದಾಹರಣೆಯನ್ನೇ ತೆಗೆದುಕೊಳ್ಳಿ. ೧೯೫೩ರಲ್ಲಿ ಸುಮಾರು ೧೩೩ ಟಿ.ಎಂ.ಸಿ. ಅಡಿಗಳಷ್ಟಿದ್ದ ಅದರ ಸಾಮರ್ಥ್ಯ ಹೂಳು ತುಂಬಿ ಸುಮಾರು ೧೦೫ ಟಿ.ಎಂ.ಸಿ. ಅಡಿಗಳಿಗೆ ಇಳಿದಿದೆ. ಆ ಹೂಳನ್ನು ಯಾರೂ ಬುಟ್ಟಿಯಲ್ಲಿ ಹೊತ್ತು ತಂದು ಹಾಕಲಿಲ್ಲ. ಹೊಳೆ ತಂದಿತು, ಅದು ಕೂತಿತು. ‘ಸಿಲ್ಟ್ ಹ್ಯಾಸ್ ಅಕ್ಯುಮುಲೇಟೆಡ್’ ಎಂಬುದೇ ಅಲ್ಲಿ ನಿಜವಾದ ವಾಕ್ಯ. ಕರ್ಮಣಿಪ್ರಯೋಗವು ಎಲ್ಲಿಯೂ ಸಲ್ಲದೆಂದು ನನ್ನ ವಾದವಲ್ಲ. ಸಂಶೋಧಕರು ಹತ್ತು ವರ್ಷ ದುಡಿದು ಕೂಡಿಹಾಕಿದ ಮಾಹಿತಿಗೆ ಅದು ಸಲ್ಲುತ್ತದೆ. ಏಕೆಂದರೆ ಅಲ್ಲಿ ಕೂಡಿಹಾಕಿದ ಕೈಗಳು ಇವೆ.

ಪದದ ಮೂಲವನ್ನು ತಿಳಿದರೆ ಬಳಕೆ ಇನ್ನೂ ಸ್ಪಷ್ಟವಾಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಕ್ಯುಮುಲಸ್’ ಎಂದರೆ ರಾಶಿ. ಲ್ಯೂಕ್ ಹೋವರ್ಡ್ ಎಂಬ ಇಂಗ್ಲಿಷ್ ವಿದ್ವಾಂಸನು ೧೮೦೨ರಲ್ಲಿ ಮೋಡಗಳಿಗೆ ಹೆಸರಿಟ್ಟಾಗ, ಅರಳೆಯ ರಾಶಿಯಂತೆ ಕಾಣುವ ಮೋಡಕ್ಕೆ ಕೊಟ್ಟ ಹೆಸರೂ ಇದೇ. ನಮ್ಮ ಅಂಕಪಟ್ಟಿಯ ‘ಕ್ಯುಮುಲೇಟಿವ್’ ಸರಾಸರಿಯಲ್ಲಿರುವುದೂ ಇದೇ ರಾಶಿ: ಒಂದು ಸೆಮಿಸ್ಟರಿನ ಮೇಲೆ ಇನ್ನೊಂದನ್ನು ಒಟ್ಟಿದ ಲೆಕ್ಕ. ಆದಕಾರಣ ‘ಅಕ್ಯುಮುಲೇಟ್’ ಎಂದಾಗ ಎರಡು ಸಂಗತಿಗಳಿರಬೇಕು. ಮೊದಲನೆಯದಾಗಿ, ವಸ್ತು ಒಂದರ ಮೇಲೊಂದು ಬರಬೇಕು. ಎರಡನೆಯದಾಗಿ, ಅದಕ್ಕೆ ಕಾಲ ಹಿಡಿಯಬೇಕು. ಒಂದು ಬಹುಮಾನವನ್ನೋ ಒಂದು ಪುಸ್ತಕವನ್ನೋ ಯಾರೂ ‘ಅಕ್ಯುಮುಲೇಟ್’ ಮಾಡಲಾರರು. ಸಂಸ್ಕೃತದ ‘ಸಂಚಯ’ ಎಂಬ ಪದವೂ ಒಟ್ಟುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಸಂಚಿತ ಕರ್ಮವೆಂಬ ಮಾತನ್ನು ಕೇಳಿ ಬೆಳೆದ ನಮಗೆ, ಸಣ್ಣ ಸಣ್ಣದು ಕಾಲಕ್ರಮದಲ್ಲಿ ರಾಶಿಯಾಗುವುದೆಂದರೇನೆಂದು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಕಾಗುಣಿತದ ತೊಡಕನ್ನೂ ಈ ರಾಶಿಯೇ ಬಿಡಿಸುತ್ತದೆ. ‘ಅಕಾಮಡೇಟ್’ ಎಂಬ ಪದದಲ್ಲಿ ‘ಸಿ’ ಎರಡು, ‘ಎಂ’ ಎರಡು. ಅದನ್ನು ಕಲಿತ ಅಭ್ಯಾಸಬಲದಿಂದ ನಾವು ‘ಅಕ್ಯುಮುಲೇಟ್’ ಎಂಬಲ್ಲಿಯೂ ಎರಡು ‘ಎಂ’ ಬರೆಯುತ್ತೇವೆ. ಮೋಡದ ಹೆಸರಿನಲ್ಲಿ ‘ಎಂ’ ಒಂದೇ, ‘ಎಲ್’ ಒಂದೇ, ಇಲ್ಲಿಯೂ ಹಾಗೆಯೇ. ‘ಸಿ’ ಮಾತ್ರ ಎರಡು.

ಈಗ ಇದರ ದಾಯಾದಿಗಳನ್ನು ಸ್ವಲ್ಪ ನೋಡೋಣ. ‘ಅಮ್ಯಾಸ್’ ಎಂಬುದಕ್ಕೆ ಮೂಲವಾದ ಲ್ಯಾಟಿನ್ ಪದಕ್ಕೆ ನಾದಿದ ಹಿಟ್ಟಿನ ಮುದ್ದೆ ಎಂಬ ಅರ್ಥವಿತ್ತು. ರಾಗಿಮುದ್ದೆಯ ನಾಡಿನವರು ಇದನ್ನು ಮರೆಯಬಾರದು. ಮುದ್ದೆ ತಾನಾಗಿ ಆಗುವುದಿಲ್ಲ. ಕಟ್ಟುವ ಕೈ ಬೇಕು. ಆದುದರಿಂದ ಈ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಮನುಷ್ಯನೇ ಕರ್ತೃ, ಮತ್ತು ಕೂಡಿದ್ದು ದೊಡ್ಡ ಮೊತ್ತವಾಗಿರಬೇಕು. ‘ಹೋರ್ಡ್’ ಎಂದರೆ ಇತರರಿಗೆ ಸಿಗದಂತೆ ಬಚ್ಚಿಟ್ಟು ಕೂಡುವುದು. ಬರಗಾಲದಲ್ಲಿ ಧಾನ್ಯ ಅಡಗಿಸಿದ ವರ್ತಕನಿಗೆ ಸಲ್ಲುವ ಪದ. ‘ಕಲೆಕ್ಟ್’ ಎಂಬುದರಲ್ಲಿ ಉದ್ದೇಶವಿದೆ, ಹಲವು ಕಡೆಗಳಿಂದ ತರುವುದಿದೆ: ಅಂಚೆಚೀಟಿ, ವಂತಿಗೆ, ಕಂದಾಯ. ೧೭೭೨ರಲ್ಲಿ ವಾರನ್ ಹೇಸ್ಟಿಂಗ್ಸನು ಕಂದಾಯ ವಸೂಲಿಗೆ ನೇಮಿಸಿದ ಅಧಿಕಾರಿಗೆ ‘ಕಲೆಕ್ಟರ್’ ಎಂದು ಹೆಸರಾದುದು ಇದರಿಂದಲೇ. ಕಂದಾಯವು ಧೂಳಿನಂತೆ ತಾನಾಗಿ ಬಂದು ಕೂಡುವ ವಸ್ತುವಲ್ಲವೆಂದು ಅಂದಿನ ರೈತನಿಗೆ ಚೆನ್ನಾಗಿ ಗೊತ್ತಿತ್ತು.

‘ಗ್ಯಾದರ್’ ಎಂಬುದು ಹಳೆಯ ಇಂಗ್ಲಿಷಿನ ಸ್ವಂತ ಪದ. ‘ಟುಗೆದರ್’ ಎಂಬುದರ ನಂಟು. ಹೂ ಬಿಡಿಸುವುದಕ್ಕೂ ಮಾಹಿತಿ ಕಲೆಹಾಕುವುದಕ್ಕೂ ಜನ ನೆರೆಯುವುದಕ್ಕೂ ಇದು ಒಪ್ಪುತ್ತದೆ. ಮಾಹಿತಿ ಎಂಬರ್ಥದ ‘ಇನ್ಫರ್ಮೇಷನ್’ ಪದಕ್ಕೆ ಬಹುವಚನದ ‘ಎಸ್’ ಹಚ್ಚುವ ಚಟವನ್ನು ಮಾತ್ರ ನಾವು ಬಿಡಬೇಕು. ಜನರ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಕಾಲೇಜಿನ ಸಭೆಯೊಂದರ ವರದಿಯಲ್ಲಿ ವಿದ್ಯಾರ್ಥಿಗಳು ‘ಅಕ್ಯುಮುಲೇಟ್’ ಆದರೆಂದು ಓದಿದ್ದೇನೆ. ಮನುಷ್ಯರು ಕಸದಂತೆ ಒಟ್ಟಿಕೊಳ್ಳುವುದಿಲ್ಲ, ಸೇರುತ್ತಾರೆ, ನೆರೆಯುತ್ತಾರೆ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೧೯ನೆಯ ಅನುಚ್ಛೇದವು ಶಾಂತಿಯಿಂದ ಸಭೆ ಸೇರುವ ಹಕ್ಕನ್ನು ಪ್ರಜೆಗೆ ಕೊಡುವಾಗ ಇಂಗ್ಲಿಷಿನಲ್ಲಿ ಬಳಸಿರುವ ಕ್ರಿಯಾಪದ ‘ಅಸೆಂಬಲ್’. ಉದ್ದೇಶವುಳ್ಳ ಮನುಷ್ಯರಿಗೆ ಅದೇ ತಕ್ಕ ಪದ.

ನನ್ನ ಕಾಗದಕ್ಕೆ ಮುಖ್ಯವಾಗಿ ಬೇಕಾಗಿದ್ದುದು ‘ಅಕ್ರೂ’ ಎಂಬ ಇನ್ನೊಂದು ಪದ. ಬೆಳೆಯುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಫ್ರೆಂಚ್ ಮಾರ್ಗವಾಗಿ ಬಂದದ್ದು. ಬಿದಿಗೆಯ ಚಂದ್ರನಿಗೆ ‘ಕ್ರೆಸೆಂಟ್’ ಎನ್ನುವುದೂ ಆ ಧಾತುವಿನಿಂದಲೇ. ಬಡ್ಡಿ ದಿನದಿನವೂ ಅಸಲಿನಿಂದ ಹುಟ್ಟಿ ಬೆಳೆಯುವುದಕ್ಕೆ ‘ಅಕ್ರೂ’ ಎಂದೂ, ಹಾಗೆ ಹುಟ್ಟಿದ್ದು ತೀರದೆ ಒಂದರ ಮೇಲೊಂದು ಕೂತು ರಾಶಿಯಾಗುವುದಕ್ಕೆ ‘ಅಕ್ಯುಮುಲೇಟ್’ ಎಂದೂ ಹೇಳಬೇಕು. ಹತ್ತು ಸಾವಿರ ರೂಪಾಯಿಗೆ ನೂರಕ್ಕೆ ೧೨ರ ದರದಲ್ಲಿ ವರ್ಷಕ್ಕೆ ೧,೨೦೦ ರೂಪಾಯಿ ಬಡ್ಡಿ ಹುಟ್ಟುತ್ತದೆ. ಮೂರು ವರ್ಷ ಕಟ್ಟದಿದ್ದರೆ ಸರಳಬಡ್ಡಿಯಲ್ಲಿ ೩,೬೦೦. ವರ್ಷಕ್ಕೊಮ್ಮೆ ಸೇರಿಸುವ ಚಕ್ರಬಡ್ಡಿಯಲ್ಲಿ ೪,೦೪೯ ರೂಪಾಯಿ ೨೮ ಪೈಸೆ. ಈ ಲೆಕ್ಕದಲ್ಲಿ ಎಲ್ಲಿಯೂ ಸಾಲಗಾರನ ಕೈ ಆಡುವುದಿಲ್ಲ. ಅವನು ಮಲಗಿದ್ದಾಗಲೂ ಬಡ್ಡಿ ಎದ್ದಿರುತ್ತದೆ.

ಇಷ್ಟು ಸೂಕ್ಷ್ಮಗಳನ್ನು ಹೇಗೆ ನೆನಪಿಡುವುದು ಎಂದು ಮಿತ್ರರು ಕೇಳಬಹುದು. ನನ್ನ ಉತ್ತರವಿಷ್ಟೆ: ಮೊದಲು ಕನ್ನಡದಲ್ಲಿ ಯೋಚಿಸಿ, ಆದರೆ ಮನೆಯಲ್ಲಿ ಆಡುವ ಕನ್ನಡದಲ್ಲಿ ಯೋಚಿಸಿ. ‘ಸಂಗ್ರಹವಾಗಿದೆ’ ಎಂಬ ಒಂದೇ ಪುಸ್ತಕದ ಮಾತನ್ನು ಎಲ್ಲಕ್ಕೂ ಅಂಟಿಸಿದರೆ ಇಂಗ್ಲಿಷಿನಲ್ಲಿಯೂ ಒಂದೇ ಪದ ಬರುತ್ತದೆ. ನಮ್ಮ ತಾಯಂದಿರು ಹಾಗೆ ಮಾತನಾಡುವುದಿಲ್ಲ. ಧೂಳು ಕೂರುತ್ತದೆ, ಹೂಳು ತುಂಬುತ್ತದೆ, ನೀರು ಮಡುಗಟ್ಟುತ್ತದೆ, ಬಡ್ಡಿ ಬೆಳೆಯುತ್ತದೆ, ಜನ ನೆರೆಯುತ್ತಾರೆ. ಹುಲ್ಲನ್ನು ಒಟ್ಟುತ್ತಾರೆ, ವಂತಿಗೆಯನ್ನು ಎತ್ತುತ್ತಾರೆ, ದುಡ್ಡನ್ನು ಕೂಡಿಡುತ್ತಾರೆ. ‘ಹನಿ ಹನಿ ಕೂಡಿದರೆ ಹಳ್ಳ’ ಎಂಬ ಗಾದೆಯಲ್ಲಿ ಹನಿಗಳು ತಾವಾಗಿ ಕೂಡುತ್ತವೆ. ಇಷ್ಟು ಭೇದಗಳನ್ನು ಹುಟ್ಟಿನಿಂದಲೇ ಬಲ್ಲವರಿಗೆ ಇಂಗ್ಲಿಷಿನ ಐದಾರು ಪದಗಳ ಭೇದ ಭಾರವಾಗಲಾರದು. ನಮ್ಮ ಇಂಗ್ಲಿಷ್ ಕೆಡುವುದು ಕನ್ನಡದಿಂದಲ್ಲ, ಕನ್ನಡವನ್ನು ಅರ್ಧಕ್ಕೆ ಬಿಡುವುದರಿಂದ ಎಂದು ನನಗೆ ದೃಢವಾಗಿ ತೋರುತ್ತದೆ.

ಇನ್ನೊಂದು ಮುಖ್ಯ ವಿಷಯವನ್ನು ಹೇಳದೆ ಮುಗಿಸಲಾರೆ. ಬಾಕಿಯ ವಿಷಯದಲ್ಲಿ ಕರ್ತೃವಿಲ್ಲದ ಕಡೆ ಕರ್ತೃವನ್ನು ತಂದು ನಾನು ಅನ್ಯಾಯ ಮಾಡಿದೆ. ಕರ್ತೃವಿರುವ ಕಡೆ ಅವನನ್ನು ಮರೆಮಾಡುವುದು ಇದಕ್ಕಿಂತ ದೊಡ್ಡ ಅನ್ಯಾಯ. ಅದು ಇಂಗ್ಲಿಷನ್ನು ಚೆನ್ನಾಗಿ ಬಲ್ಲವರು ಮಾಡುವ ಅನ್ಯಾಯ. ಗೋಲ್ಡ್‌ಸ್ಮಿತ್ ಕವಿಯು ೧೭೭೦ರಲ್ಲಿ ಪ್ರಕಟಿಸಿದ ‘ದಿ ಡೆಸರ್ಟೆಡ್ ವಿಲೇಜ್’ ಕಾವ್ಯದಲ್ಲಿ ಸಂಪತ್ತನ್ನೇ ಕರ್ತೃವಾಗಿಸಿ ಈ ಕ್ರಿಯಾಪದವನ್ನು ಅಕರ್ಮಕವಾಗಿ ಬಳಸಿದ್ದಾನೆ. ಕವಿಯ ಮೇಲೆ ನನ್ನ ದೂರಿಲ್ಲ. ಬಡವರ ನೆಲವನ್ನು ಸಿರಿವಂತನು ಆಕ್ರಮಿಸಿದ ಬಗೆಯನ್ನು ಅವನು ಅದೇ ಕಾವ್ಯದಲ್ಲಿ ಬಿಚ್ಚಿ ತೋರಿಸುತ್ತಾನೆ. ಆದರೆ ಅವನ ವ್ಯಾಕರಣವನ್ನು ಮಾತ್ರ ಎರವಲು ಪಡೆದು ಅವನ ನ್ಯಾಯವನ್ನು ಬಿಟ್ಟವರು ಬಹಳ. ಸಂಪತ್ತು ಕೂಡಿತು, ನಷ್ಟ ಕೂಡಿತು, ಲೋಪಗಳು ಕೂಡಿದವು, ಕಡತಗಳು ಒಟ್ಟಿಕೊಂಡವು ಎಂದು ಬರೆಯುವ ವರದಿಗಳಲ್ಲಿ ಕೂಡಿಸಿದ ಕೈಗಳು ಕಾಣುವುದೇ ಇಲ್ಲ. ಬಡವನ ಸಾಲಕ್ಕೆ ಸಕರ್ಮಕ, ಉಳ್ಳವನ ಗಳಿಕೆಗೆ ಅಕರ್ಮಕ: ಇಂಥ ವ್ಯಾಕರಣವನ್ನು ಯಾವ ಪಂಡಿತನೂ ಬರೆದಿಲ್ಲವಾದರೂ ಅದು ಚಲಾವಣೆಯಲ್ಲಿದೆ. ಹೂಳಿಗೆ ಅಕರ್ಮಕವೇ ಇರಲಿ. ಮೇಜಿನ ಮೇಲಿನ ಕಡತಕ್ಕೆ ಸಕರ್ಮಕವಿರಲಿ.

ಈ ಕಾಲದಲ್ಲಿ ಇದೆಲ್ಲ ಏಕೆ, ಮೊಬೈಲು ಕಂಪ್ಯೂಟರುಗಳೇ ತಪ್ಪನ್ನು ತಿದ್ದುತ್ತವೆಯಲ್ಲ ಎಂದು ಸ್ನೇಹಿತನೊಬ್ಬ ಹೇಳಿದ. ಎರಡು ‘ಎಂ’ ಬರೆದರೆ ಅವು ತಿದ್ದಬಹುದು. ‘ಈಸ್’ ಎಂಬುದನ್ನು ‘ಹ್ಯಾಸ್’ ಎಂದೂ ಮಾಡಬಹುದು. ಆದರೆ ನನ್ನ ತಂದೆಯವರನ್ನು ಕುರಿತ ವಾಕ್ಯದಲ್ಲಿ ತಿದ್ದಲು ಏನಿತ್ತು? ಅದು ಶುದ್ಧ ವಾಕ್ಯ, ಅಶುದ್ಧ ಹೇಳಿಕೆ. ನಮ್ಮ ಹೊಲದಲ್ಲಿ ಆ ವರ್ಷ ಏನಾಯಿತೆಂದು ನನಗೆ ಗೊತ್ತಿತ್ತು, ಯಂತ್ರಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನೇ ಅದನ್ನು ಹೇಳದಿದ್ದ ಮೇಲೆ ಯಂತ್ರವನ್ನು ದೂರಿ ಫಲವೇನು?

ಆದಕಾರಣ ಅಧ್ಯಾಪಕವರ್ಗದವರಲ್ಲಿ ನನ್ನದೊಂದು ಪ್ರಾರ್ಥನೆ. ನಮ್ಮ ಬರವಣಿಗೆಯಲ್ಲಿ ಇಂಥ ಕ್ರಿಯಾಪದ ಬಂದಾಗ ಕೆಂಪು ಗೆರೆ ಎಳೆದು ಬಿಡದೆ, ಅಂಚಿನಲ್ಲಿ ‘ಯಾರು?’ ಎಂದು ಒಂದು ಪ್ರಶ್ನೆ ಬರೆಯಿರಿ. ನಿಯಮಗಳನ್ನು ಪರೀಕ್ಷೆಯ ಮರುದಿನ ನಾವು ಮರೆಯುತ್ತೇವೆ. ಪ್ರಶ್ನೆಯನ್ನು ಮರೆಯುವುದು ಕಷ್ಟ. ಸಹಪಾಠಿಗಳಲ್ಲಿ ನನ್ನ ಬಿನ್ನಹವೂ ಅದೇ. ನಮ್ಮಂಥ ಕಾಲೇಜುಗಳಿಂದ ಹೊರಟವರು ಊರಿಗೆ ಹೋದಾಗ, ನೆರೆಹೊರೆಯವರು ಕಾಗದ ಬರೆಸಲು ಬಂದೇ ಬರುತ್ತಾರೆ. ತಾವು ಓದಲಾರದ ಭಾಷೆಯಲ್ಲಿ ತಮ್ಮ ಮಾತನ್ನು ನಂಬಿಕೆಯಿಂದ ನಮ್ಮ ಕೈಗೆ ಒಪ್ಪಿಸಿ, ತೋರಿಸಿದ ಕಡೆ ಹೆಬ್ಬೆಟ್ಟನ್ನೋ ಸಹಿಯನ್ನೋ ಹಾಕುತ್ತಾರೆ. ಆಗ ನಾವು ಬರೆಯುವ ಒಂದೊಂದು ಕ್ರಿಯಾಪದಕ್ಕೂ ಅವರು ಹೊಣೆಗಾರರಾಗುತ್ತಾರೆ.

ಅಧ್ಯಾಪಕರ ಎದುರಿಗೇ ಕುಳಿತು ಆ ಮನವಿಯನ್ನು ಮತ್ತೊಮ್ಮೆ ಬರೆದೆ. ಮಳೆ ಬರಲಿಲ್ಲ, ಬೆಳೆ ಒಣಗಿತು, ಕಂತು ತಪ್ಪಿತು, ಬಡ್ಡಿ ಬೆಳೆಯಿತು, ಬಾಕಿ ಕೂಡಿತು: ಒಂದೊಂದಕ್ಕೂ ಅದರದರ ಕರ್ತೃವನ್ನು ಕೊಟ್ಟೆ. ಕಂತು ಕಟ್ಟಲು ಎರಡು ಫಸಲುಗಳ ಕಾಲಾವಕಾಶ ಸಿಕ್ಕಿತು. ಅದು ನನ್ನ ವ್ಯಾಕರಣದಿಂದಲೇ ಸಿಕ್ಕಿತೆಂದು ನಾನು ಹೇಳುವುದಿಲ್ಲ. ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಕಳುಹಿಸುವ ಮೊದಲು ಈ ಸಲ ಇಡೀ ಕಾಗದವನ್ನು ತಂದೆಯವರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಕೊನೆಯವರೆಗೆ ಕೇಳಿ, ‘ಹೌದು, ಆದದ್ದು ಹೀಗೆಯೇ’ ಎಂದರು. ನನ್ನ ಇಂಗ್ಲಿಷಿಗೆ ಅದಕ್ಕಿಂತ ಹೆಚ್ಚಿನ ಅಂಕ ಇದುವರೆಗೆ ದೊರೆತಿಲ್ಲ.